ರಾಂಧುನಿ ಉಂಟು

ಖಾಗ್ಡಾ ಬಜಾರು, ಬಹರಮ್‌ಪುರ
೫ ಭಾದ್ರ, ಬಂಗಾಳಿ ಸನ ೧೩೬೪

ಶ್ರೀ ದುರ್ಗಾ ಶರಣಂ

ಗಿನ್ನಿಮಾ,

ಮೊದಲು ಖರ್ಚು ಕೂಡಿಸಿಬಿಡೋಣ, ಮಾತು ಆಮೇಲೆ.

ನಿಮ್ಮ ಕಡೆ: ಹತ್ತೊಂಬತ್ತು ಭರಣಿ ಮಾವಿನ ಉಪ್ಪಿನಕಾಯಿ, ಒಂದೊಂದರ ಮೇಲೂ ಬೆಕ್ಕಿನ ಮರಿ ಮಲಗಿದ ಹಾಗೆ ಬೂಸ್ಟು. ಅದಕ್ಕೆ ಸುರಿದ ಎರಡು ಡಬ್ಬ ಗಾಣದ ಸಾಸಿವೆ ಎಣ್ಣೆ. ತಾರಸಿಯ ಮೇಲಿನ ಹನ್ನೊಂದು ದಿನದ ಬಿಸಿಲು. ದೇವರು ಪುಕ್ಕಟೆ ಕೊಟ್ಟದ್ದೇ ಆದರೂ ಎರಡನೆಯ ಸಲ ಕೊಡುವುದಿಲ್ಲ. ನಿಮ್ಮ ಕಿರಿಯ ಸೊಸೆ ರೇಬಾಳ ಕಣ್ಣೀರು, ಎಷ್ಟೆಂದು ನಾನು ಅಳೆದಿಲ್ಲ.

ನನ್ನ ಕಡೆ: ನಿಮ್ಮ ಅಡುಗೆಮನೆಯಲ್ಲಿ ಕಳೆದ ಇಪ್ಪತ್ತೆರಡು ವರ್ಷ. ಅದರ ಪಕ್ಕದ ಕಿಟಕಿಯಿಲ್ಲದ ಕೋಣೆ. ನನ್ನ ಅಮ್ಮ ಕೊಟ್ಟ ಹಿತ್ತಾಳೆ ಸೌಟು, ಅದು ಅಲ್ಲೇ ಉಳಿಯಿತು. ಮತ್ತು ಒಂದು ಹಲ್ಲು.

ಇಷ್ಟೂ ಒಂದೇ ಪದದ ಖರ್ಚು. ನೀವು ಪತ್ರದಲ್ಲಿ "ಒಂದು ಪದ ತಪ್ಪಾಯಿತು, ಅಷ್ಟೇ, ಮರೆತು ಮನೆಗೆ ಬಾ" ಎಂದು ಬರೆದಿದ್ದೀರಿ. ಆ "ಅಷ್ಟೇ" ಎಷ್ಟು ಎಂದು ತಿಳಿದಿರಲಿ ಎಂದು ಬರೆದೆ.

ಯಜಮಾನರಾದ ಕರ್ತಾಬಾಬುವಿನ ಹೊಟ್ಟೆಹುಣ್ಣಿನ ಔಷಧೋಪಚಾರಕ್ಕೆಂದು ನೀವು ಕಲ್ಕತ್ತೆಯಲ್ಲಿ ಕೂತಿದ್ದಿರಿ, ವೈಶಾಖದ ಒಂಬತ್ತನೆಯ ತಾರೀಖು ನಿಮ್ಮ ಪೋಸ್ಟ್‌ಕಾರ್ಡು ಬಂತು. "ಈ ಸಲ ರಾಂಧುನಿ ಬೇಡ. ಆ ವಾಸನೆ ಇವರಿಗೆ ತಡೆಯಲಾಗುತ್ತಿಲ್ಲ. ಬದಲಿಗೆ ಬೇರೆ ನೋಡಿಕೊ." ನೀವು ಹೇಳಿದ್ದು ಪಾಂಚ್ ಫೋರನ್ ಒಗ್ಗರಣೆಯ ಐದನೆಯ ಬೀಜದ ಮಾತು. ಜೀರಿಗೆ, ಮೆಂತ್ಯ, ಸೋಂಪು, ಕರಿಜೀರಿಗೆ, ಐದನೆಯದು ಓಮದ ತಂಗಿಯಂಥ ಆ ಪುಟ್ಟ ರಾಂಧುನಿ. ಆ ಬೀಜಕ್ಕೂ ಅಡುಗೆಯವಳಿಗೂ ನಮ್ಮ ನಾಡಿನಲ್ಲಿ ಒಂದೇ ಹೆಸರಿಟ್ಟ ಪುಣ್ಯಾತ್ಮನ ಮನೆಯಲ್ಲಿ ಎರಡರಲ್ಲಿ ಒಂದೂ ಇದ್ದಿರಲಾರದು.

ರೇಬಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿದಳು. ನಾನು ಕಾಯಿಗೆ ಉಪ್ಪು ಅರಿಶಿನ ಹಚ್ಚುತ್ತಿದ್ದೆ.

"ಬಾಮುನ್‌ದಿ, ಇದು ಅತ್ತೆ ಬರ್ದಿರೋದು. ನಾನಲ್ಲ."

"ಏನಂತೆ ಬೋಮಾ?"

"ಈ ಸಲದಿಂದ ನೀವು ಬೇಡ್ವಂತೆ. ಬೇರೆಯೋರನ್ನ ನೋಡ್ಕೋಬೇಕಂತೆ."

"ಯಾಕಂತೆ?"

ಅವಳು ಕಾರ್ಡನ್ನು ತಿರುಗಿಸಿ ಹಿಂಭಾಗ ನೋಡಿದಳು, ಅಲ್ಲೇನಾದರೂ ಒಳ್ಳೆಯ ಕಾರಣ ಇದ್ದೀತೆಂದು. "ವಾಸನೆ... ಅಂತಿದೆ."

ನಾನು ಕೈ ತೊಳೆದುಕೊಂಡೆ. ಎರಡು ಬಿಳಿ ಸೀರೆ ಗಂಟು ಕಟ್ಟಲು ಎಷ್ಟು ಹೊತ್ತು ಬೇಕು?

ಇದರ ತಮಾಷೆ ಗಮನಿಸಿದಿರಾ? ರಾಂಧುನಿ ಹೋದಳು, ರಾಂಧುನಿ ಉಳಿಯಿತು. ಡಬ್ಬಿಯಲ್ಲಿ ಬೆರೆಸಿಟ್ಟಿದ್ದ ಐದೂ ಬೀಜವನ್ನು ರೇಬಾ ಹಾಗೇ ಎಣ್ಣೆಗೆ ಸುರಿದಳು. ಕರ್ತಾಬಾಬುವಿಗೆ ಯಾವುದು ಆಗದೋ ಅದು ಭರಣಿಗೆ ಸೇರಿತು, ಯಾರನ್ನೂ ಏನೂ ಮಾಡದವಳು ಬೀದಿಗೆ ಸೇರಿದಳು.

ಮನೆಗೆ ಬಾ ಎಂದಿರಿ. ಬರುವುದಿಲ್ಲ.

ಇತಿ,
ನಿಸ್ತಾರಿಣಿ ದೇವಿ
(ಬಾಮುನ್‌ದಿ ಎಂದರೆ ನಿಮಗೆ ಗುರುತು ಸಿಕ್ಕೀತು. ಜಾತಿಗೆ ಒಂದು 'ಅಕ್ಕ' ಸೇರಿಸಿ ಇಟ್ಟ ಹೆಸರು.)

*

ಭವಾನೀಪುರ, ಕಲ್ಕತ್ತೆ
೨೨ ಭಾದ್ರ, ೧೩೬೪

ಬಾಮುನ್‌ದಿ,

ನಿನಗೆ ಪತ್ರ ಬರೆದುಕೊಡುವವನ ಅಕ್ಷರ ದುಂಡಾಗಿದೆ, ಬುದ್ಧಿ ವಕ್ರವಾಗಿದೆ. ಮಸಾಲೆ ಅಂಗಡಿಯ ಗೋಷ್ಠೋ ದತ್ತನೇ ಇರಬೇಕು. ನೀನು ಹೇಳಿದ್ದಕ್ಕೆ ಅವನು ಒಗ್ಗರಣೆ ಹಾಕಿದ್ದಾನೆ ಎಂದುಕೊಂಡು ನಾನು ಕೋಪ ಮಾಡಿಕೊಂಡಿಲ್ಲ.

ಇಪ್ಪತ್ತೆರಡು ವರ್ಷ ಒಂದು ಮನೆಯ ಉಪ್ಪು ತಿಂದವರು ಒಂದು ಮಾತಿಗೆ ಹೀಗೆ ಸೆಟೆದುಕೊಳ್ಳುತ್ತಾರೆಯೇ? ಹಣೆಯ ಕುಂಕುಮ ಅಳಿಸಿಕೊಂಡು ಬಂದಾಗ ನಿನಗೆ ಹತ್ತೊಂಬತ್ತು. ಆವತ್ತು ಬಾಗಿಲು ತೆರೆದವಳು ನಾನು. ಅದನ್ನು ಯಾವ ಕಡೆ ಕೂಡಿಸಿದ್ದೀ?

ಈಗ ಕೆಲಸದ ಮಾತು. ನಮ್ಮ ಮಗಳು ಬುಲುವಿನ ಮದುವೆ ಫಾಲ್ಗುಣಕ್ಕೆ ಗೊತ್ತಾಗಿದೆ. ಗಂಡಿನ ತಾಯಿ ಎರಡು ವರ್ಷದ ಹಿಂದೆ ನಮ್ಮಲ್ಲಿ ಊಟ ಮಾಡಿದಾಗ ತಿಂದ ಆಮ್‌ತೇಲ್ ಇನ್ನೂ ಮರೆತಿಲ್ಲವಂತೆ. "ಬೀಗರಿಗೆ ಉಡುಗೊರೆ ಹೊರುವ ತತ್ತ್ವದ ತಟ್ಟೆಗಳಲ್ಲಿ ಬೇರೇನು ಬಂದರೂ ಬರದಿದ್ದರೂ ಸರಿ, ರಾಯ್‌ಚೌಧುರಿ ಮನೆಯ ಎಣ್ಣೆ ಮಾವು ಬರಬೇಕು" ಎಂದು ಹೇಳಿ ಕಳುಹಿಸಿದ್ದಾರೆ. ಇಪ್ಪತ್ತೊಂದು ಭರಣಿ. ನಾನು ಆಗಲಿ ಎಂದುಬಿಟ್ಟೆ. ಮನೆಯಲ್ಲಿ ಇರುವುದು ಬೂಸ್ಟು.

ಇನ್ನೊಂದು. ನೀನು ದತ್ತನ ಅಂಗಡಿಯ ಜಗುಲಿಯಲ್ಲಿ ಕೂತು ಉಪ್ಪಿನಕಾಯಿ ಮಾರುತ್ತೀ ಎಂದೂ, ತಲೆಯ ಮೇಲೆ "ಇಲ್ಲಿ ರಾಂಧುನಿ ಉಂಟು" ಎಂದು ಬೋರ್ಡು ನೇತುಹಾಕಿದ್ದೀ ಎಂದೂ ಕೇಳಿದೆ. ಬ್ರಾಹ್ಮಣರ ವಿಧವೆ, ಬಜಾರಿನಲ್ಲಿ! ಕೋರ್ಟಿನ ವಕೀಲರೆಲ್ಲ ನನ್ನ ಮಗನನ್ನು ನಿಲ್ಲಿಸಿ, "ಏನಪ್ಪಾ, ನಿಮ್ಮ ಮನೆಯಲ್ಲಿ ಬೇಡವಾದದ್ದು ಖಾಗ್ಡಾದಲ್ಲಿ ಉಂಟಂತೆ" ಎಂದು ನಗುತ್ತಾರಂತೆ. ಆ ಜಗುಲಿ ಯಾರ ಸ್ವತ್ತು ಎಂದು ದತ್ತನಿಗೆ ನೆನಪಿಸುವ ಹಾಗೆ ಮಾಡಬೇಡ.

ಬೋರ್ಡು ಇಳಿಸು. ಪೂಜೆಗೆ ಮೊದಲು ಮನೆಗೆ ಬಾ. ನಿನ್ನ ಕೋಣೆ ಹಾಗೇ ಇದೆ.

ಆಶೀರ್ವಾದಗಳು.
ಕನಕಲತಾ ರಾಯ್‌ಚೌಧುರಿ

*

ಖಾಗ್ಡಾ ಬಜಾರು, ಬಹರಮ್‌ಪುರ
೬ ಆಶ್ವಿನ, ೧೩೬೪

ಗಿನ್ನಿಮಾ,

ಕೋಣೆ ಹಾಗೇ ಇದೆ ಎಂದಿರಿ. ಅಂದರೆ ಕಿಟಕಿ ಇನ್ನೂ ಇಟ್ಟಿಲ್ಲ.

ಬಾಗಿಲು ತೆರೆದದ್ದನ್ನು ಮರೆತಿಲ್ಲ, ನನ್ನ ಕಡೆಯೇ ಕೂಡಿಸಿದ್ದೇನೆ. ಆ ಬಾಗಿಲಿಗೆ ಪ್ರತಿಯಾಗಿ ಇಪ್ಪತ್ತೆರಡು ವೈಶಾಖ ಕಾಯಿ ಹೆಚ್ಚಿದೆ. ಬೋರ್ಡಿನ ಹುಟ್ಟಿನ ಕತೆ ಕೇಳಿ, ಆಮೇಲೆ ಇಳಿಸಬೇಕೋ ಬೇಡವೋ ಹೇಳಿ.

ನಿಮ್ಮ ಮನೆ ಬಿಟ್ಟ ಮೂರನೆಯ ದಿನ ಕಾಲವೈಶಾಖಿ ಗಾಳಿ ಎದ್ದಿತು. ಮಧ್ಯಾಹ್ನವೇ ಕತ್ತಲು. ಹೊಳೆದಂಡೆಯ ತೋಪಿನಲ್ಲಿ ಕಾಯಿ ದಬದಬ ಉದುರಿತು. ಗಾಳಿಗೆ ಬಿದ್ದ ಕಾಯಿ ಹೆಕ್ಕಿದವರದು. ನಮ್ಮ ಕಡೆಯ ನ್ಯಾಯ ಅದು, ತೋಪಿನ ಒಡೆಯನೂ ಕೇಳುವುದಿಲ್ಲ. ನಾನು ಸೆರಗು ಕಟ್ಟಿ ಹೆಕ್ಕುತ್ತಿದ್ದೆ. ಮೇಲಿನಿಂದ ಒಂದು ಕಾಯಿ ನೇರ ದವಡೆಗೆ ಬಂತು. ಹಲ್ಲು ಹೋದದ್ದು ಹೀಗೆ. ಒಂದು ಹಲ್ಲಿಗೆ ಎರಡು ಮಣ ಕಾಯಿ, ಮೋಸವಿಲ್ಲದ ವ್ಯಾಪಾರ.

ಬಾಯಿಗೆ ಸೆರಗು ಒತ್ತಿಕೊಂಡೇ ಗೋಷ್ಠೋ ದತ್ತನ ಅಂಗಡಿಗೆ ಹೋದೆ, ಐದು ಬೀಜ ಸಾಲ ಕೇಳಲು. ಅವರು ತಕ್ಕಡಿ ಕೆಳಗಿಟ್ಟರು.

"ರಾಯ್‌ಚೌಧುರಿ ಮನೆಯಲ್ಲಿ ರಾಂಧುನಿ ಬೇಡ ಅಂದ್ರಂತೆ?"

"ಹೂಂ."

"ಯಾವುದು? ನೀವೋ, ಬೀಜವೋ?"

"ನೀವೇ ಹೇಳಿ ದತ್ತಮೋಶಾಯ್. ಎರಡೂ ನಿಮ್ಮ ಅಂಗಡೀಲೇ ನಿಂತಿದೆಯಲ್ಲ."

ಅವರು ಹೊಟ್ಟೆ ಕುಲುಕಿಸಿ ನಕ್ಕರು. ಮಸಾಲೆ ಡಬ್ಬಿಗಳ ಮೇಲೆ ಹೆಸರು ಬರೆಯುವ ಸುಣ್ಣದ ಕುಂಚ ತಗೊಂಡು, ಹಲಗೆಯೊಂದರ ಮೇಲೆ ಬರೆದರು: ಇಲ್ಲಿ ರಾಂಧುನಿ ಉಂಟು. "ಬೀಜ ಕೇಳಿ ಬಂದ್ರೆ ನಂಗೆ ವ್ಯಾಪಾರ, ಉಪ್ಪಿನಕಾಯಿ ಕೇಳಿ ಬಂದ್ರೆ ನಿಮಗೆ. ಕೂತ್ಕೊಳ್ಳಿ ಜಗುಲಿ ಮೇಲೆ."

ನನ್ನ ಮೊದಲ ಭರಣಿಯನ್ನು ಬಿಸಿಲಿಗಿಟ್ಟ ಎಂಟನೆಯ ದಿನ ಬಾಯಿ ಬಿಚ್ಚಿ ಒಂದು ಹೋಳು ತಿಂದೆ. ನಿಮ್ಮ ಮನೆಯಲ್ಲಿ ಮನೆದೇವರಾದ ಠಾಕೂರರಿಗೆ ನೈವೇದ್ಯವಾಗುವ ಮೊದಲು ನಾಲಿಗೆಗೆ ಮುಟ್ಟಿಸುವ ಹಾಗಿರಲಿಲ್ಲ, ಆಮೇಲೆ ಮನೆಯವರದು, ಆಮೇಲೆ ನೆಂಟರದು. ಭರಣಿಯ ತಳದ ಎಣ್ಣೆ ನನಗೆ. ನಾನು ಮಾಡಿದ್ದರ ಮೊದಲ ಹೋಳು ಹೇಗಿರುತ್ತದೆ ಎಂದು ನನಗೆ ನಲವತ್ತೊಂದನೆಯ ವಯಸ್ಸಿನಲ್ಲಿ ತಿಳಿಯಿತು, ಅದೂ ಒಂದು ಹಲ್ಲು ಕಡಿಮೆ ಇಟ್ಟುಕೊಂಡು.

ಮೊನ್ನೆ ನಿಮ್ಮ ಕಿರಿಯ ಮಗ ಛೋಟೋಬಾಬು ಕೊಡೆ ಹಿಡಿದು ಬಂದರು.

"ಬಾಮುನ್‌ದಿ, ಆ ಬೋರ್ಡು ತೆಗೀರಿ. ಮನೆ ಮರ್ಯಾದೆ ಪ್ರಶ್ನೆ."

"ಇದ್ರಲ್ಲಿ ನಿಮ್ಮ ಮನೆ ಹೆಸರು ಎಲ್ಲಿದೆ ಬಾಬು?"

"ಹೆಸರಿಲ್ದಿದ್ರೂ ಊರಿಗೆಲ್ಲ ಗೊತ್ತು."

"ಊರಿಗೆ ಗೊತ್ತಾಗಿರೋದು ಬೋರ್ಡಿಂದ ಅಲ್ಲ, ಕಾರ್ಡಿಂದ. ಅದನ್ನ ಮೊದಲು ತೆಗೀರಿ."

"ಕಾರ್ತಿಕ ಕಳೆಯೋದ್ರೊಳಗೆ ಜಗುಲಿ ಖಾಲಿ ಮಾಡ್ಬೇಕಾಗತ್ತೆ, ನೋಡಿ."

"ಬಿಸಿಲಲ್ಲಿ ನಿಂತಿದೀರಿ, ಒಳಗೆ ಬನ್ನಿ. ಒಂದು ಹೋಳು ತಿಂದು ಬೈರಿ."

ತಿಂದರು. ಎರಡು ತಿಂದರು. ಆಮೇಲೆ ಬೈದರು.

ಕೊನೆಗೆ ಒಂದು ಮಾತು. ನಾನು ಹೋದ ಮರುದಿನವೇ ರೇಬಾ ನಿಮಗೆ ಪತ್ರ ಹಾಕಿದಳು, "ನೀವು ಹೇಳಿದಂತೆ ಬಾಮುನ್‌ದಿಯನ್ನು ಕಳುಹಿಸಿದೆ" ಎಂದು. ಹದಿಮೂರನೆಯ ತಾರೀಖಿನ ಹೊತ್ತಿಗೆ ನಿಮ್ಮ ಕೈಯಲ್ಲಿರಬೇಕು. ನೀವು ಊರಿಗೆ ಬಂದು ಭರಣಿ ತೆರೆದು ಬೂಸ್ಟು ಕಂಡದ್ದು ಶ್ರಾವಣದ ಕೊನೆಗೆ. ನನಗೆ ಪತ್ರ ಬಂದದ್ದು ಭಾದ್ರದ ಎರಡಕ್ಕೆ. ನಡುವೆ ಮೂರೂವರೆ ತಿಂಗಳು. ಬೂಸ್ಟು ಬರದಿದ್ದರೆ ಪತ್ರ ಬರುತ್ತಿತ್ತೇ?

ಇತಿ,
ನಿಸ್ತಾರಿಣಿ ದೇವಿ

*

ಭವಾನೀಪುರ, ಕಲ್ಕತ್ತೆ
೨೮ ಆಶ್ವಿನ, ೧೩೬೪

ಬಾಮುನ್‌ದಿ,

ವಿಜಯದಶಮಿಯ ಆಶೀರ್ವಾದಗಳು. ಈ ವರ್ಷ ನಮ್ಮ ಪೂಜೆಯ ಭೋಗದ ಅಡುಗೆ ಬೇರೆಯವಳು ಮಾಡಿದಳು. ಪಲ್ಯದಲ್ಲಿ ಮೆಂತ್ಯ ಕರಕಲಾಗಿತ್ತು. ಎಲ್ಲರೂ ಎಲೆಯಲ್ಲೇ ಬಿಟ್ಟು ಎದ್ದರು.

ನೀನು ಬರುವುದಿಲ್ಲ ಎಂದ ಮೇಲೆ ನಾನು ಕಾಲು ಹಿಡಿಯುವವಳಲ್ಲ. ಅಳತೆಯನ್ನಾದರೂ ಬರೆಸಿ ಕಳುಹಿಸು. ಐದೂ ಸಮಸಮ ಹಾಕಬೇಕು ಎಂದು ಊರೆಲ್ಲ ಹೇಳುತ್ತದೆ. ಮಾವಿನ ಕಾಲವಲ್ಲವೆಂದು ರೇಬಾ ಹುಳಿ ಜಲಪಾಯಿ ಕಾಯಿಯಲ್ಲಿ ಸಮಸಮ ಹಾಕಿ ಮಾಡಿ ನೋಡಿದಳು, ಕಷಾಯವಾಯಿತು. ಹುರಿಯುವುದೋ, ಒಗ್ಗರಣೆಗೆ ಹಾಕುವುದೋ, ಕುಟ್ಟುವುದೋ, ಎಷ್ಟು ಹೊತ್ತಿಗೆ ಯಾವುದೋ, ನನಗೂ ತಿಳಿಯದು. ಇಪ್ಪತ್ತೆರಡು ವರ್ಷ ನಿನ್ನನ್ನು ಕೇಳಿರಲಿಲ್ಲ.

ಕೇಳುವ ಹಕ್ಕು ನನಗಿಲ್ಲ ಎಂದು ಮಾತ್ರ ಹೇಳಬೇಡ. ಆ ಬೀಜ ನಮ್ಮ ದುಡ್ಡಿನಲ್ಲಿ ಬಂತು. ನಮ್ಮ ಎಣ್ಣೆಯಲ್ಲಿ, ನಮ್ಮ ಬಾಣಲೆಯಲ್ಲಿ, ನಮ್ಮ ತಾರಸಿಯಲ್ಲಿ ನೀನು ಕೈ ಪಳಗಿಸಿಕೊಂಡೆ. ಕೆಟ್ಟ ಭರಣಿಗಳನ್ನೂ ನಾವೇ ಹೊಳೆಗೆ ಸುರಿದೆವು. ಹಾಗಾದರೆ ಆ ಉಪ್ಪಿನಕಾಯಿ ಯಾರದು? ದತ್ತನಿಗೂ ತೋರಿಸಿ ಉತ್ತರ ಬರೆಸು.

ಜಗುಲಿಯ ವಿಚಾರ ನನ್ನ ಮಗನದು, ನಾನು ನಡುವೆ ಬರುವುದಿಲ್ಲ.

ಕನಕಲತಾ ರಾಯ್‌ಚೌಧುರಿ

*

ದೋಣಿಕಟ್ಟೆ, ಬಹರಮ್‌ಪುರ
೩೦ ಕಾರ್ತಿಕ, ೧೩೬೪

ಗಿನ್ನಿಮಾ,

ಮೇಲಿನ ವಿಳಾಸ ನೋಡಿ. ಜಗುಲಿ ಬಿಟ್ಟೆ, ಬೋರ್ಡು ಬಿಡಲಿಲ್ಲ.

ದತ್ತಮೋಶಾಯ್ ನನಗಾಗಿ ಜಗಳಕ್ಕೆ ನಿಂತರು. ಬೇಡ ಎಂದೆ. ಅವರ ಅಂಗಡಿ ಮೂರು ತಲೆಮಾರಿನದು, ನನ್ನದು ಒಂದು ಹಲಗೆಯದು. ಹಲಗೆ ಹೊರುವುದು ಸುಲಭ. ಒಂದು ಕೈಗಾಡಿಗೆ ಅದನ್ನು ಕಟ್ಟಿ ದೋಣಿಕಟ್ಟೆಗೆ ತಂದೆ. ಹೊಳೆ ದಾಟಲು ದಿನವಿಡೀ ಜನ. ದೋಣಿಗೆ ಕಾಯುವವರಿಗೆ ಓದಲು ಬೇರೆ ಏನೂ ಇಲ್ಲ, ನನ್ನ ಬೋರ್ಡೇ ಓದುತ್ತಾರೆ. ಓದಿದವರು ಕೇಳುತ್ತಾರೆ, ಕೇಳಿದವರಿಗೆ ಕಾರ್ಡಿನ ಕತೆ ಹೇಳುತ್ತೇನೆ. ಜಗುಲಿಯಲ್ಲಿ ಕತೆ ಖಾಗ್ಡಾದ ಒಳಗೇ ಇತ್ತು. ಛೋಟೋಬಾಬುವಿನ ಕೃಪೆಯಿಂದ ಈಗ ಆಚೆ ದಡಕ್ಕೂ ಹೋಗುತ್ತಿದೆ.

ಉಪ್ಪಿನಕಾಯಿ ಯಾರದು ಎಂದು ಕೇಳಿದಿರಿ. ನ್ಯಾಯವಾದ ಪ್ರಶ್ನೆ, ಒಂದು ತಿಂಗಳು ತಲೆಯಲ್ಲಿ ಇಟ್ಟುಕೊಂಡಿದ್ದೆ. ಎಣ್ಣೆ ನಿಮ್ಮದು, ಬೀಜ ನಿಮ್ಮದು, ಬಾಣಲೆ ನಿಮ್ಮದು. ಒಪ್ಪಿದೆ. ಕಿವಿ ಯಾರದು?

ರುಚಿ ನೋಡಬಾರದು ಎಂದ ಮೇಲೆ ನಾನು ಕಿವಿಯಿಂದ ಅಡುಗೆ ಮಾಡಿದವಳು. ಐದು ಬೀಜಕ್ಕೆ ಐದು ದನಿ. ಜೀರಿಗೆ ಪಿಸುಗುಟ್ಟುತ್ತದೆ. ಸೋಂಪು ಸೋಮಾರಿ, ತಡವಾಗಿ ಏಳುತ್ತದೆ. ಕರಿಜೀರಿಗೆ ಟಿಕ್ ಟಿಕ್ ಎನ್ನುತ್ತದೆ. ರಾಂಧುನಿ ಎಲ್ಲಕ್ಕೂ ಪುಟ್ಟದು, ಎಲ್ಲಕ್ಕೂ ಮೊದಲು ಹಾರುತ್ತದೆ. ಮೆಂತ್ಯ ಸದ್ದೇ ಮಾಡುವುದಿಲ್ಲ. ಉಳಿದ ನಾಲ್ಕರ ಗದ್ದಲ ತಗ್ಗಿದೊಡನೆ ಬಾಣಲೆ ಇಳಿಸದಿದ್ದರೆ ಅದು ಕಪ್ಪಾಗಿ ಮನೆಯನ್ನೆಲ್ಲ ಕಹಿ ಮಾಡುತ್ತದೆ. ಸದ್ದು ಮಾಡದ್ದನ್ನು ಕೇಳಿಸಿಕೊಳ್ಳುವುದೇ ಇದರ ಕಸುಬು. ಅದನ್ನು ನನಗೆ ಅಮ್ಮ ಕಲಿಸಿದಳು, ನಿಮ್ಮ ಬಾಗಿಲು ಕಾಣುವ ಎಷ್ಟೋ ಮೊದಲು. ನಿಮ್ಮ ಬಾಣಲೆಯಲ್ಲಿ ಸಿಡಿಯಿತು, ನನ್ನ ಕಿವಿ ಕೇಳಿಸಿಕೊಂಡಿತು.

ಇನ್ನು, ಪತ್ರ ಬರೆದುಕೊಡುವವನ ವಿಷಯ. ದತ್ತಮೋಶಾಯ್‌ಗೆ ಅನ್ಯಾಯ ಮಾಡಬೇಡಿ. ಅವರ ಅಕ್ಷರ ಕಾಗೆ ಕಾಲಿನದು. ಬರೆಯುತ್ತಿರುವವಳು ನಾನೇ. ಬುಲು ಚಿಕ್ಕವಳಾಗಿದ್ದಾಗ ಮಾಸ್ತರರು ಬಂದು ಅಕ್ಷರ ತಿದ್ದಿಸುತ್ತಿದ್ದರು, ನಾನು ಹೊಸ್ತಿಲಾಚೆ ಬಟಾಣಿ ಸುಲಿಯುತ್ತಿದ್ದೆ. ಬುಲು ನಾಲ್ಕು ಸಲ ಮರೆತ ಅಕ್ಷರವನ್ನು ನಾನು ನಾಲ್ಕು ಸಲ ಕಲಿತೆ. ನಿಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹಾಗಾದರೆ ಲೆಕ್ಕಕ್ಕೆ ಸೇರಿಸದೆ ಉಳಿಸಿದ್ದ ಒಂದು ಸಂಗತಿಯನ್ನೂ ಕೇಳಿಬಿಡಿ. ಆವತ್ತು ರೇಬಾ ಕಾರ್ಡನ್ನು ಒಲೆಯ ಕಟ್ಟೆಯ ಮೇಲೆ ಇಟ್ಟಳು. ನಾನು ಓದಿದೆ. ಓದಿದ ಕೂಡಲೇ ತಿಳಿಯಿತು, ಇದು ಬೀಜದ ಮಾತು ಎಂದು. "ಅಯ್ಯೋ ಬೋಮಾ, ಇದು ನನ್ನ ವಿಷಯ ಅಲ್ಲ, ಡಬ್ಬಿ ವಿಷಯ" ಎಂದರೆ ಮುಗಿದುಹೋಗುತ್ತಿತ್ತು. ಬಾಯಿ ತೆರೆದೆ ಕೂಡ.

ಆಗ ಸುತ್ತ ನೋಡಿದೆ. ಪಾತ್ರೆ ತೊಳೆಯುವವಳು, ನೀರು ತರುವವನು, ಅಂಗಳದಲ್ಲಿದ್ದ ಛೋಟೋಬಾಬು, ಎಲ್ಲರೂ ಕೇಳಿಸಿಕೊಂಡಿದ್ದರು. "ಅವಳ ವಾಸನೆ ತಡೆಯಲಾಗುತ್ತಿಲ್ಲ, ಬೇರೆಯವಳನ್ನು ನೋಡಿಕೊ." ಅಂಥ ಮಾತು ನೀವು ಬರೆದಿರಲಿಕ್ಕಿಲ್ಲ ಎಂದು ಒಬ್ಬರೂ ಅನ್ನಲಿಲ್ಲ. ಯಾರ ಹುಬ್ಬೂ ಏರಲಿಲ್ಲ. ಇಪ್ಪತ್ತೆರಡು ವರ್ಷದ ಮೇಲೂ ಆ ಮಾತು ನನ್ನ ಮೈಗೆ ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ ಕೂತಿತು. ಬೀಜದ ಮಾತು ಎಂದು ತಿಳಿದ ನಾನೂ ಒಂದು ಗಳಿಗೆ, ನನ್ನನ್ನೇ ಅಂದಿದ್ದರೂ ಅಂದಿರಬಹುದು ಎಂದುಕೊಂಡೆ. ಆ ಒಂದು ಗಳಿಗೆಗೆ ನಾನು ಬಾಯಿ ಮುಚ್ಚಿದೆ, ಗಂಟು ಕಟ್ಟಿದೆ. ಆದ್ದರಿಂದ ನನ್ನನ್ನು ಯಾರೂ ಓಡಿಸಲಿಲ್ಲ ಎಂದು ತಿಳಿಯಿರಿ. ನಾನು ಹೊರಟೆ.

ಬುಲುವಿನ ತಟ್ಟೆಗೆ ಇಪ್ಪತ್ತೊಂದು ಭರಣಿ ನನ್ನಲ್ಲಿ ಇದೆ, ಗಾಳಿಗೆ ಬಿದ್ದ ಕಾಯಿಯದು, ಬೂಸ್ಟಿಲ್ಲದ್ದು. ಬೇಕಾದರೆ ದೋಣಿಕಟ್ಟೆಯ ಮಿಕ್ಕ ಜನ ಕೊಳ್ಳುವಂತೆ ಕೊಳ್ಳಿ. ಭರಣಿಯ ಕೊರಳಿಗೆ ನನ್ನ ಹೆಸರಿನ ಚೀಟಿ ಇರುತ್ತದೆ. ತಟ್ಟೆಯಲ್ಲಿ ಮೆರವಣಿಗೆ ಹೋಗುವಾಗಲೂ ಇರುತ್ತದೆ. ಚೀಟಿ ಬಿಚ್ಚುವುದಾದರೆ ಭರಣಿ ಇಲ್ಲ.

ಇತಿ,
ನಿಸ್ತಾರಿಣಿ ದೇವಿ

*

ಭವಾನೀಪುರ, ಕಲ್ಕತ್ತೆ
೧೯ ಪೌಷ, ೧೩೬೪

ನಿಸ್ತಾರಿಣಿ,

ಈ ಹೆಸರನ್ನು ಬರೆಯುವಾಗ ಎರಡು ಸಲ ನಿನ್ನ ಪತ್ರದ ಕೊನೆ ನೋಡಿಕೊಂಡೆ, ಕಾಗುಣಿತ ತಪ್ಪದಿರಲಿ ಎಂದು.

ರೇಬಾಳ ಪತ್ರ ಹದಿಮೂರಕ್ಕೆ ಅಲ್ಲ, ಹನ್ನೆರಡಕ್ಕೇ ಬಂದಿತ್ತು. ಓದಿ ನಾನು ನಕ್ಕೆ. ಇವರಿಗೂ ಓದಿ ಹೇಳಿದೆ, ಇವರೂ ನಕ್ಕರು. ನಾಳೆ ಬರೆದು ಸರಿಪಡಿಸೋಣ ಎಂದುಕೊಂಡೆ. ನಾಳೆ ಇವರಿಗೆ ಹೊಟ್ಟೆನೋವು, ನಾಡಿದ್ದು ಡಾಕ್ಟರು. ಆಮೇಲೆ, ಬಾಮುನ್‌ದಿ ಎಲ್ಲಿ ಹೋಗುತ್ತಾಳೆ, ಇದ್ದೇ ಇರುತ್ತಾಳೆ ಎಂದುಕೊಂಡೆ. ಮೂರೂವರೆ ತಿಂಗಳು ಹೀಗೆ ಹೋಯಿತು. ಇದಕ್ಕಿಂತ ದೊಡ್ಡ ಕಾರಣ ನನ್ನಲ್ಲಿ ಇಲ್ಲ. ಇದ್ದಿದ್ದರೆ ಬರೆಯುವುದು ಸುಲಭವಾಗುತ್ತಿತ್ತು.

ಇಪ್ಪತ್ತೊಂದು ಭರಣಿ ಬೇಕು. ಚೀಟಿ ಇರಲಿ. ತಟ್ಟೆಯ ಮೇಲೆ ಹೊದಿಸುವ ಕೆಂಪು ಬಟ್ಟೆಯನ್ನು ಚೀಟಿ ಮರೆಯಾಗದಂತೆ ಕಟ್ಟಲು ಹೇಳಿದ್ದೇನೆ.

ಜಗುಲಿಯ ಬಗ್ಗೆ ಮಗನಿಗೆ ಬರೆದೆ. ಇನ್ನು ಆ ಮಾತು ಯಾರೂ ಎತ್ತುವುದಿಲ್ಲ.

ಅಳತೆ ಕೇಳುವುದಿಲ್ಲ.

ಕನಕಲತಾ

*

ದೋಣಿಕಟ್ಟೆ, ಬಹರಮ್‌ಪುರ
೨೬ ಫಾಲ್ಗುಣ, ೧೩೬೪

ಗಿನ್ನಿಮಾ,

ಬುಲುವಿನ ಮದುವೆ ಚೆನ್ನಾಗಿ ಆಯಿತೆಂದು ಕೇಳಿದೆ. ತತ್ತ್ವದ ತಟ್ಟೆಗಳು ದೋಣಿಕಟ್ಟೆಯ ದಾರಿಯಲ್ಲೇ ಹೋದವು. ಕೆಂಪು ಬಟ್ಟೆ, ಕೊರಳಿನಲ್ಲಿ ಚೀಟಿ. ಎಣಿಸಿದೆ, ಇಪ್ಪತ್ತೊಂದೂ ಇತ್ತು. ಒಬ್ಬ ದೋಣಿಯವನು ಗಟ್ಟಿಯಾಗಿ ಓದಿದ, "ನಿಸ್ತಾರಿಣಿ ದೇವಿ. ಯಾರಪ್ಪಾ ಇವಳು, ಗಂಡಿನ ಅಜ್ಜೀನಾ?" ಎಂದ. ನಾನು ಗಾಡಿಯ ಹಿಂದೆ ಕೂತು ನಕ್ಕೆ.

ಮದುವೆಗೆ ನಾಲ್ಕು ದಿನ ಮೊದಲು ರೇಬಾ ಬಂದಿದ್ದಳು. ಒಬ್ಬಳೇ, ನಡೆದು, ನಡುಮಧ್ಯಾಹ್ನ. ರಾಯ್‌ಚೌಧುರಿ ಸೊಸೆ ದೋಣಿಕಟ್ಟೆಯಲ್ಲಿ ತಲೆ ಸೆರಗು ಜಾರಿದ್ದೂ ತಿಳಿಯದೆ ನಿಂತಿದ್ದಳು.

"ತಪ್ಪು ನಂದೇ," ಎಂದಳು. "ಅತ್ತೆದಲ್ಲ."

"ಕಾರ್ಡು ನಿಂದಲ್ವಲ್ಲ ಬೋಮಾ."

"ಓದಿದ್ದು ನಾನು ತಾನೇ? ನಾವು ಪದ್ಮಾ ನದಿ ಆಚೆಯೋರು ನಿಸ್ತಾರಿಣಿದಿ. ನಮ್ಮ ತೌರಲ್ಲಿ ಐದನೇದು ಸಾಸಿವೆ. ಆ ಹೆಸರಿನ ಬೀಜ ಒಂದಿದೆ ಅಂತ್ಲೇ ನಂಗೆ ಗೊತ್ತಿರ್ಲಿಲ್ಲ. ಡಬ್ಬೀಲಿದ್ದದ್ದು ಓಮ ಅಂದ್ಕೊಂಡಿದ್ದೆ."

ಇದು ನನಗೆ ಹೊಳೆದಿರಲಿಲ್ಲ. ಹತ್ತು ತಿಂಗಳು ಅವಳ ಮೇಲೆ ಕೋಪ ಇಟ್ಟುಕೊಂಡಿದ್ದೆ; ಅವಳ ಊರಿನ ಒಗ್ಗರಣೆಯಲ್ಲಿ ಆ ಪದವೇ ಇರಲಿಲ್ಲ.

"ನಿಮಗೆ ಓದಕ್ಕೆ ಬರ್ತಿತ್ತಂತೆ," ಎಂದಳು. ಈಗ ಅವಳ ದನಿಯಲ್ಲಿ ಕೋಪ. "ಒಂದು ಮಾತು ಹೇಳ್ಬಾರ್ದಿತ್ತಾ? ನಾನು ಎಷ್ಟು ಅತ್ತಿದೀನಿ ಗೊತ್ತಾ? ಆ ಹತ್ತೊಂಬತ್ತು ಭರಣೀನೂ ನಾನೇ ಹೊಳೆಗೆ ಹೊತ್ಕೊಂಡು ಹೋದದ್ದು."

ಅವಳು ಸೆರಗಿನ ಒಳಗಿಂದ ನನ್ನ ಹಿತ್ತಾಳೆ ಸೌಟು ತೆಗೆದು ಗಾಡಿಯ ಮೇಲೆ ಇಟ್ಟಳು. ಹುಣಸೆಹುಳಿ ಹಾಕಿ ಉಜ್ಜಿದ್ದಳು, ಹೊಳೆಯುತ್ತಿತ್ತು. ನನಗೆ ಉತ್ತರ ಹೊಳೆಯದಿದ್ದಾಗ ಕೈಗೆ ಕೆಲಸ ಕೊಡುತ್ತೇನೆ, ಒಲೆ ಹೊತ್ತಿಸಿದೆ.

"ಕೂತ್ಕೋ. ಕಣ್ಣು ಮುಚ್ಚು. ಗದ್ದಲ ನಿಂತ ಕೂಡ್ಲೇ ಕೈ ಎತ್ತು."

ಮೊದಲ ಸಲ ತಡವಾಗಿ ಎತ್ತಿದಳು, ಮೆಂತ್ಯ ಸುಟ್ಟಿತು. ಎರಡನೆಯ ಸಲ ಹೆದರಿ ಬೇಗ ಎತ್ತಿದಳು. ಮೂರನೆಯ ಸಲ ಸರಿಯಾಗಿ ಎತ್ತಿದಳು. ಬೂಸ್ಟಿಗೆ ಕಾರಣವನ್ನೂ ಹೇಳಿದೆ: ಬೀಜದ್ದಲ್ಲ, ನನ್ನ ಶಾಪದ್ದೂ ಅಲ್ಲ. ಎಣ್ಣೆ ಆರುವ ಮೊದಲೇ ಮುಚ್ಚಳ ಹಾಕಿದ್ದಾಳೆ. ಆವಿ ಒಳಗೇ ಬೆವರಿ ತೊಟ್ಟಿಕ್ಕಿದೆ. ಬಿಸಿ ಇರುವಷ್ಟು ಹೊತ್ತು ಬಟ್ಟೆ ಕಟ್ಟಬೇಕು, ಮುಚ್ಚಬಾರದು. ಈ ಮಾತು ಬೇರೆ ಕಡೆಗೂ ಸಲ್ಲುತ್ತದೆ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು.

ದತ್ತಮೋಶಾಯ್ ಜಗುಲಿಗೆ ವಾಪಸು ಕರೆದರು. ಹೋಗಲಿಲ್ಲ. ಇಲ್ಲಿ ಗಾಳಿ ಇದೆ, ಹೊಳೆ ಕಾಣುತ್ತದೆ. ಗೋಡೆಯೇ ಇಲ್ಲದ ಮೇಲೆ ಕಿಟಕಿಯ ಚಿಂತೆ ಇಲ್ಲ.

ಇನ್ನೇನು, ಚೈತ್ರ ಬಂತು, ಕಾಯಿ ಕಟ್ಟುತ್ತಿದೆ. ಹೊಸದಕ್ಕೆ ಕೈ ಹಾಕುವ ಮೊದಲು ಹಳೆಯದನ್ನು ಮುಗಿಸಿಬಿಡೋಣ. ಯಾರಿಗೆ ಏನು ಸಂದಿತು:

ಬುಲುವಿಗೆ ಇಪ್ಪತ್ತೊಂದು ಭರಣಿ, ಅತ್ತೆಯ ಮೆಚ್ಚುಗೆ. ಛೋಟೋಬಾಬುವಿಗೆ ಖಾಲಿ ಜಗುಲಿ. ದತ್ತಮೋಶಾಯ್‌ಗೆ ದೋಣಿಕಟ್ಟೆಯಿಂದ ಬೀಜ ಕೇಳಿ ಬರುವ ಗಿರಾಕಿಗಳು. ರೇಬಾಳಿಗೆ ಅಳತೆ: ಜೀರಿಗೆ ಎರಡು ಹಿಡಿ, ಸೋಂಪು ಎರಡು, ಕರಿಜೀರಿಗೆ ಒಂದು, ಮೆಂತ್ಯ ಅರ್ಧ, ರಾಂಧುನಿ ಮೂರು ಬೆರಳಿಗೆ ಸಿಕ್ಕಷ್ಟೇ. ಬಂದು ಕೇಳಿದಳು, ಕೊಟ್ಟೆ.

ಕರ್ತಾಬಾಬುವಿಗೆ, ಈ ಪತ್ರ ತಂದವನ ಕೈಯಲ್ಲಿರುವ ಚಿಕ್ಕ ಭರಣಿ. ಅದರಲ್ಲಿ ರಾಂಧುನಿ ಹಾಕಿಲ್ಲ, ಬದಲಿಗೆ ಸಾಸಿವೆ. ಕಳೆದ ವೈಶಾಖದಲ್ಲಿ ನೀವು ಕೇಳಿದ್ದು ಇಷ್ಟೇ ಅಲ್ಲವೇ.

ನಿಮಗೆ, ನನ್ನ ಹೆಸರಿನ ಕಾಗುಣಿತ.

ನನಗೆ ಸೌಟು, ಬೋರ್ಡು, ಮೊದಲ ಹೋಳು. ಹಲ್ಲು ಬರಲಿಲ್ಲ.

ಇತಿ,
ನಿಸ್ತಾರಿಣಿ ದೇವಿ
ರಾಂಧುನಿ